ಇಳಿವಯಸ್ಸಿನ ದಾಂಪತ್ಯದಲ್ಲಿ ಮಾತಿನ ಸ್ಥಾನ

(ಜಾವಗಲ್ಲಿನ ಬಸದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನಡೆದ ಉಪನ್ಯಾಸ)

  

ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಾವತರಣ ಕಲ್ಯಾಣ. ಮಾತೆ ಮರುದೇವಿಯು ರಾತ್ರಿಯ ಕಡೆಯ ಜಾವದಲ್ಲಿ 16 ಶುಭಸ್ವಪ್ನಗಳನ್ನು ಕಾಣುತ್ತಾಳೆ. ಆನೆ, ವೃಷಭ, ಸಿಂಹ, ಪೂರ್ಣಚಂದ್ರ, ಉದಯಸೂರ್ಯ, ಮೀನಿನ ಜೋಡಿ, ಪದ್ಮಸರೋವರ, ಹೊಗೆಯಿಲ್ಲದ ಅಗ್ನಿ ಮುಂತಾದ ಈ ಸ್ವಪ್ನಗಳ ಹೆಸರು ಬಸದಿಗೆ ಬರುವ ಮಕ್ಕಳಿಗೂ ಬಾಯಿಪಾಠ. ಬೆಳಗಾದ ಮೇಲೆ ಆಕೆ ನಾಭಿರಾಜನ ಬಳಿಗೆ ಹೋಗಿ ತಾನು ಕಂಡುದನ್ನೆಲ್ಲ ಒಂದೊಂದಾಗಿ ಹೇಳುತ್ತಾಳೆ. ನಾಭಿರಾಜನು ಎಲ್ಲವನ್ನೂ ಪೂರ್ತಿಯಾಗಿ ಕೇಳಿ, ಅನಂತರ ಒಂದೊಂದರ ಫಲವನ್ನು ವಿವರಿಸುತ್ತಾನೆ. ಪ್ರತಿಷ್ಠಾ ಮಹೋತ್ಸವಗಳಲ್ಲಿ ತೀರ್ಥಂಕರರ ತಂದೆತಾಯಿಗಳ ಸ್ಥಾನದಲ್ಲಿ ಕುಳಿತ ದಂಪತಿಗಳನ್ನು ಜನ ಕಣ್ತುಂಬ ನೋಡುತ್ತಾರೆ. ಆದರೆ ಆ ಸ್ಥಾನದಲ್ಲಿ ನಡೆದ ಕ್ರಿಯೆ ಯಾವುದು? ಹೆಂಡತಿ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು; ಗಂಡ ಕಿವಿಗೊಟ್ಟು ಕೇಳಿದನು. "ಕನಸಿಗೇನು ಅರ್ಥ, ಮೊದಲು ನಿನ್ನ ಕೆಲಸ ನೋಡಿಕೋ" ಎಂದು ಆತ ಹೇಳಲಿಲ್ಲ. ಐದು ಕಲ್ಯಾಣಗಳ ಆರಂಭವೇ ಒಂದು ದಂಪತಿಗಳ ಮಾತುಕತೆ ಎಂಬುದನ್ನು ಮರೆಯಲಾಗದು.

ಆ ಮಾತುಕತೆ ಇಂದು ಎಷ್ಟು ಮನೆಗಳಲ್ಲಿ ಉಳಿದಿದೆ ಎಂಬುದೇ ಈ ಉಪನ್ಯಾಸದ ವಿಷಯ. ಹೊಸದಾಗಿ ಮದುವೆಯಾದವರ ವಿಚಾರ ಇದಲ್ಲ. ಅವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಮೂವತ್ತು, ನಲವತ್ತು, ಐವತ್ತು ವರ್ಷ ಒಟ್ಟಿಗೆ ಬಾಳಿದವರ ದಾಂಪತ್ಯವನ್ನು ಕುರಿತು ಯಾರೂ ಮಾತನಾಡುವುದಿಲ್ಲ. ಅದು ತಾನಾಗಿಯೇ ಸಾಗುತ್ತದೆ ಎಂಬ ನಂಬಿಕೆ ಎಲ್ಲರಲ್ಲಿಯೂ ಇದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸಬೇಕಾಗಿದೆ.

ಇಬ್ಬರೇ ಉಳಿದ ಮನೆಗಳು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10 ಕೋಟಿ 40 ಲಕ್ಷ. ಅದೇ ಗಣತಿಯಲ್ಲಿ ಕರ್ನಾಟಕದ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. ಸಂಖ್ಯೆಯಲ್ಲಿ ಚಿಕ್ಕದಾದ ಈ ಸಮಾಜದ ಮಕ್ಕಳು ವಿದ್ಯೆಯನ್ನೂ ಉದ್ಯೋಗವನ್ನೂ ಅರಸಿ ಹಾಸನ, ಮೈಸೂರು, ಬೆಂಗಳೂರುಗಳಿಗೆ, ಅಲ್ಲಿಂದಾಚೆಗೆ ಪರದೇಶಗಳಿಗೆ ಹೋಗಿದ್ದಾರೆ. ಹೋದುದು ತಪ್ಪಲ್ಲ, ಹೆತ್ತವರೇ ಹರಸಿ ಕಳುಹಿಸಿದ್ದಾರೆ. ಆದರೆ ಜಾವಗಲ್, ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಅನೇಕ ಮನೆಗಳಲ್ಲಿ ಇಂದು ಉಳಿದಿರುವವರು ಇಬ್ಬರೇ. ಹತ್ತು ಜನರಿಗೆ ಅಡುಗೆಯಾಗುತ್ತಿದ್ದ ಮನೆಯಲ್ಲಿ ಈಗ ಒಂದು ಪಾವು ಅಕ್ಕಿ ಮಿಗುತ್ತದೆ.

ಇಂಥ ಮನೆಯಲ್ಲಿ ದಿನವಿಡೀ ನಡೆಯುವ ಮಾತುಗಳನ್ನು ಯಾರಾದರೂ ಬರೆದಿಟ್ಟರೆ ಅರ್ಧ ಹಾಳೆ ತುಂಬಲಾರದು. "ಸ್ನಾನಕ್ಕೆ ನೀರು ಕಾದಿದೆ." "ಮಾತ್ರೆ ತಗೊಂಡ್ರಾ?" "ತೆಂಗಿನಕಾಯಿಯವನು ಬಂದಿದ್ದನೇ?" "ಕರೆಂಟ್ ಬಿಲ್ ಕಟ್ಟಬೇಕು." ಇವೆಲ್ಲ ಬೇಕಾದ ಮಾತುಗಳೇ. ಆದರೆ ಇವು ಕೆಲಸದ ಮಾತುಗಳು. ಮನಸ್ಸಿನ ಮಾತು ಬೇರೆ. ರಾತ್ರಿ ನಿದ್ರೆ ಬಾರದೆ ಹೊರಳಾಡಿದಾಗ ಯಾವ ಚಿಂತೆ ಕಾಡಿತು, ಮಗಳು ಫೋನಿನಲ್ಲಿ ಹೇಳದೆ ಬಿಟ್ಟುದು ಏನಿರಬಹುದು, ತಮ್ಮಿಬ್ಬರಲ್ಲಿ ಒಬ್ಬರು ಮೊದಲು ಹೋದರೆ ಉಳಿದವರ ಗತಿಯೇನು? ಇವು ಇಬ್ಬರ ಎದೆಯಲ್ಲಿಯೂ ಇರುತ್ತವೆ. ಇಬ್ಬರ ಬಾಯಲ್ಲಿಯೂ ಬರುವುದಿಲ್ಲ. ಹೇಳಿದರೆ ಅವರಿಗೆ ನೋವಾದೀತೆಂದು ಇವರು, ಇವರಿಗೆ ನೋವಾದೀತೆಂದು ಅವರು ಸುಮ್ಮನಿರುತ್ತಾರೆ. ಪ್ರೀತಿಯಿಂದಲೇ ಹುಟ್ಟಿದ ಈ ಮೌನ ಕೊನೆಗೆ ಇಬ್ಬರನ್ನೂ ಒಂಟಿಯಾಗಿಸುತ್ತದೆ.

ಮೌನದ ಮೂಲ

ಈ ಮೌನ ಮುಪ್ಪಿನಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಹಿಂದಿನ ಅವಿಭಕ್ತ ಕುಟುಂಬದ ನಡವಳಿಕೆಯಲ್ಲಿದೆ. ಅತ್ತೆ ಮಾವಂದಿರ ಎದುರಿಗೆ ಗಂಡನೊಡನೆ ಮಾತನಾಡುವುದು ಸೊಸೆಗೆ ಮರ್ಯಾದೆಯಾಗಿರಲಿಲ್ಲ. ಹೆಸರು ಹಿಡಿದು ಕರೆಯುವ ಮಾತಂತೂ ಇಲ್ಲವೇ ಇಲ್ಲ. ಗಂಡನಿಗೆ ಹೇಳಬೇಕಾದುದನ್ನು ಮಗುವಿನ ಮೂಲಕ ಹೇಳಿಸುತ್ತಿದ್ದರು: "ಊಟಕ್ಕೆ ಏಳಬೇಕಂತೆ ಅಂತ ಅಪ್ಪನಿಗೆ ಹೇಳು." ಗಂಡನೂ ಹಾಗೆಯೇ: "ಮಧ್ಯಾಹ್ನ ಇಬ್ಬರು ನೆಂಟರು ಬರುತ್ತಾರೆ ಅಂತ ನಿಮ್ಮಮ್ಮನಿಗೆ ಹೇಳು." ಸೊಸೆಯ ಬೇಕು ಬೇಡಗಳು ಅತ್ತೆಯ ಬಾಯಿಂದ, ಮಗನ ಅಸಮಾಧಾನ ತಾಯಿಯ ಬಾಯಿಂದ ಹೊರಬರುತ್ತಿದ್ದವು. ಹೀಗೆ ಗಂಡಹೆಂಡಿರ ನಡುವಿನ ಮಾತೆಲ್ಲ ಮೂರನೆಯವರ ಮೂಲಕ ಹರಿಯುತ್ತಿತ್ತು. ಆ ಪದ್ಧತಿಗೆ ತನ್ನದೇ ಆದ ಅನುಕೂಲವಿತ್ತು. ಮುನಿಸು ಬಂದಾಗ ನಡುವೆ ನಿಂತು ಸರಿಪಡಿಸುವವರಿದ್ದರು. ಕಟುವಾದ ಮಾತು ಮೂರನೆಯವರ ಬಾಯಲ್ಲಿ ಮೆತ್ತಗಾಗಿ ಬಂದು ತಲಪುತ್ತಿತ್ತು.

ಈಗ ಅತ್ತೆ ಮಾವಂದಿರು ಕಾಲವಾಗಿದ್ದಾರೆ. ಮಕ್ಕಳು ಊರು ಬಿಟ್ಟಿದ್ದಾರೆ. ನಡುವಿನ ಮೂರನೆಯವರು ಇಲ್ಲವಾದರು. ನಲವತ್ತು ವರ್ಷ ನೇರವಾಗಿ ಮಾತನಾಡಿ ಅಭ್ಯಾಸವಿಲ್ಲದ ಇಬ್ಬರು ಈಗ ಎದುರುಬದುರಾಗಿ ಕುಳಿತಿದ್ದಾರೆ. ಅವರಲ್ಲಿ ಪ್ರೀತಿಯಿಲ್ಲವೆಂದಲ್ಲ; ಪ್ರೀತಿಯನ್ನು ಆಡಿ ತೋರಿಸುವ ರೂಢಿ ತಪ್ಪಿದೆ. ಇದನ್ನು ತಿಳಿದುಕೊಂಡರೆ ಒಬ್ಬರನ್ನೊಬ್ಬರು ದೂಷಿಸುವುದು ಅರ್ಧ ಕಡಮೆಯಾಗುತ್ತದೆ. ತಪ್ಪು ಸ್ವಭಾವದ್ದಲ್ಲ, ಅಭ್ಯಾಸದ್ದು. ಅಭ್ಯಾಸವನ್ನು ಯಾವ ವಯಸ್ಸಿನಲ್ಲಿಯಾದರೂ ಬದಲಿಸಬಹುದು.

ಎರಡನೆಯ ಕಾರಣ ನಿವೃತ್ತಿ. ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದ ಗಂಡಸು ಒಂದು ದಿನ ಕೆಲಸ ಬಿಟ್ಟು ಮನೆಗೆ ಬಂದು ಕೂರುತ್ತಾನೆ. ಹೆಂಗಸಿಗೆ ಆ ನಿವೃತ್ತಿ ಎಂದೂ ಬರುವುದಿಲ್ಲ. ಆಕೆಯ ಒಲೆ ಹೊತ್ತಿಕೊಂಡೇ ಇರುತ್ತದೆ. ಅಲ್ಲಿಯವರೆಗೆ ಹಗಲು ಹೊತ್ತು ಆಕೆಯದಾಗಿದ್ದ ಮನೆಯಲ್ಲಿ ಈಗ ಒಬ್ಬ ಮೇಲ್ವಿಚಾರಕ ಕುಳಿತಂತಾಗುತ್ತದೆ. "ಇಷ್ಟು ಎಣ್ಣೆ ಏಕೆ?", "ನಲ್ಲಿ ಏಕೆ ತೊಟ್ಟಿಕ್ಕುತ್ತಿದೆ?" ಎಂಬ ಪ್ರಶ್ನೆಗಳು ಆರಂಭವಾಗುತ್ತವೆ. ಆತನಿಗೆ ಅದು ಮನೆಯ ಕಡೆಗಿನ ಆಸಕ್ತಿ. ಆಕೆಗೆ ಅದು ತನ್ನ ಮೇಲಿನ ಅಪನಂಬಿಕೆ. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ.

ಮೂರನೆಯ ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ಅದು ಕಿವಿ. 60 ವರ್ಷ ದಾಟಿದವರಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ದೈನಂದಿನ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಕುಂದುವುದು ತಾರಸ್ವರವನ್ನು ಕೇಳುವ ಶಕ್ತಿ. ಆದ್ದರಿಂದ ಗಂಡಸಿನ ದಪ್ಪ ಧ್ವನಿ ಕೇಳಿಸಿದರೂ ಹೆಂಗಸಿನ ಮತ್ತು ಮಕ್ಕಳ ತೆಳು ಧ್ವನಿ ಕೇಳಿಸದೆ ಹೋಗಬಹುದು. ಅಡುಗೆಮನೆಯಿಂದ ಹೆಂಡತಿ ಮೂರು ಸಲ "ರೀ" ಎಂದು ಕೂಗುತ್ತಾಳೆ. ಉತ್ತರವಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತ ಗೆಳೆಯ ಕರೆದರೆ ಕೂಡಲೆ "ಬಂದೆ" ಎನ್ನುತ್ತಾನೆ. "ಊರಿನವರ ಮಾತೆಲ್ಲ ಕೇಳಿಸುತ್ತದೆ, ನನ್ನದೊಂದು ಮಾತ್ರ ಕೇಳಿಸುವುದಿಲ್ಲ" ಎಂದು ಆಕೆ ನೊಂದುಕೊಳ್ಳುತ್ತಾಳೆ. ಇದು ಅಲಕ್ಷ್ಯವಾಗಿರಲಾರದು, ಕಿವಿಯ ನರಗಳ ದೌರ್ಬಲ್ಯವಾಗಿರಬಹುದು. ಎಷ್ಟೋ ವರ್ಷದ ಮುನಿಸಿಗೆ ಕಾರಣ ಇಷ್ಟೇ ಆಗಿರುವುದುಂಟು. ಇಂಥವರಿಗಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ನಾಚದವರು ಕಿವಿಗೆ ಯಂತ್ರ ಹಾಕಿಕೊಳ್ಳಲು ನಾಚುವುದು ವಿಚಿತ್ರವಲ್ಲವೆ?

ವಿದ್ವಾಂಸರ ಪರಿಶೀಲನೆ

ಇಳಿವಯಸ್ಸಿನ ದಾಂಪತ್ಯವನ್ನು ಪಶ್ಚಿಮದ ಮನಶ್ಶಾಸ್ತ್ರಜ್ಞರು ಆಸ್ಥೆಯಿಂದ ಅಭ್ಯಸಿಸಿದ್ದಾರೆ. ಅಮೆರಿಕದ ರಾಬರ್ಟ್ ಲೆವೆನ್ಸನ್, ಲಾರಾ ಕಾರ್ಸ್ಟೆನ್ಸನ್ ಮತ್ತು ಜಾನ್ ಗಾಟ್‌ಮನ್ ಎಂಬ ಮೂವರು 156 ದಂಪತಿಗಳನ್ನು ಆರಿಸಿಕೊಂಡರು. ಒಂದು ಗುಂಪು ನಡುವಯಸ್ಸಿನವರದು. ಇನ್ನೊಂದು 60ರಿಂದ 70 ವರ್ಷದೊಳಗಿನ, ಮದುವೆಯಾಗಿ 35 ವರ್ಷವಾದರೂ ಕಳೆದವರದು. ಪ್ರತಿಯೊಂದು ದಂಪತಿಯೂ ದಿನದ ಆಗುಹೋಗುಗಳನ್ನು ಕುರಿತು ಕಾಲು ಗಂಟೆ, ತಮ್ಮೊಳಗಿನ ಒಂದು ಭಿನ್ನಾಭಿಪ್ರಾಯವನ್ನು ಕುರಿತು ಕಾಲು ಗಂಟೆ, ಸಂತೋಷದ ಒಂದು ವಿಷಯವನ್ನು ಕುರಿತು ಕಾಲು ಗಂಟೆ ಮಾತನಾಡಬೇಕು. ಆ ಮಾತುಕತೆಯನ್ನು ಚಿತ್ರೀಕರಿಸಿ ಪರಿಶೀಲಿಸಿದರು. 1993 ಮತ್ತು 1995ರಲ್ಲಿ ಪ್ರಕಟವಾದ ಫಲಿತಾಂಶಗಳು ಗಮನಾರ್ಹವಾಗಿವೆ.

ಮೊದಲನೆಯದಾಗಿ, ಹಿರಿಯ ದಂಪತಿಗಳು ಭಿನ್ನಾಭಿಪ್ರಾಯದ ವಿಷಯವನ್ನು ಮಾತನಾಡುವಾಗಲೂ ನಡುವಯಸ್ಸಿನವರಿಗಿಂತ ಕಡಮೆ ಕೋಪವನ್ನೂ ಹೆಚ್ಚು ವಾತ್ಸಲ್ಯವನ್ನೂ ತೋರಿದರು. ಮಕ್ಕಳನ್ನು ಕುರಿತ ಮಾತು ನಡುವಯಸ್ಸಿನವರಿಗೆ ಜಗಳದ ಬೀಜವಾಗಿದ್ದರೆ, ಹಿರಿಯರಿಗೆ ಆನಂದದ ಮೂಲವಾಗಿತ್ತು. ಎಂದರೆ ಮುಪ್ಪು ದಾಂಪತ್ಯಕ್ಕೆ ಶತ್ರುವಲ್ಲ. ಎರಡನೆಯದಾಗಿ, ಅತೃಪ್ತ ದಾಂಪತ್ಯದಲ್ಲಿ ಹೆಂಡತಿಯ ದೇಹಾರೋಗ್ಯವೂ ಮನಸ್ಸಿನ ಆರೋಗ್ಯವೂ ಗಂಡನದಕ್ಕಿಂತ ಹೆಚ್ಚು ಕೆಟ್ಟಿತ್ತು. ತೃಪ್ತ ದಾಂಪತ್ಯದಲ್ಲಿ ಇಬ್ಬರ ಆರೋಗ್ಯವೂ ಸಮನಾಗಿತ್ತು. "ಸುಮ್ಮನಿದ್ದರೆ ಸಂಸಾರ ಉಳಿಯುತ್ತದೆ" ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು ಇದನ್ನು ಅವಶ್ಯವಾಗಿ ಗಮನಿಸಬೇಕು. ಅತೃಪ್ತಿಯ ಭಾರವನ್ನು ಹೊರುವುದು ಬಹುಮಟ್ಟಿಗೆ ಆಕೆಯ ದೇಹವೇ.

ಗಾಟ್‌ಮನ್ ಅವರು ಕಂಡ ಇನ್ನೊಂದು ಅಂಶವುಂಟು. ಗಟ್ಟಿಯಾಗಿ ನಿಲ್ಲುವ ದಾಂಪತ್ಯಗಳಲ್ಲಿ ಜಗಳವೇ ಇರುವುದಿಲ್ಲವೆಂದಲ್ಲ. ಆದರೆ ಜಗಳದ ನಡುವೆಯೂ ಒಂದು ಕಹಿ ಮಾತಿಗೆ ಐದರಷ್ಟು ಸಿಹಿಯ ವರ್ತನೆಗಳಿರುತ್ತವೆ. ಒಂದು ನಗೆ, ತಲೆದೂಗುವಿಕೆ, "ಅದೂ ನಿಜವೇ ಅನ್ನು" ಎಂಬ ಒಪ್ಪಿಗೆ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ದಾಂಪತ್ಯವನ್ನು ಕೆಡಿಸುವವು ನಾಲ್ಕೆಂದು ಅವರು ಹೇಳುತ್ತಾರೆ: ಮಾಡಿದ ಕೆಲಸವನ್ನು ಬಿಟ್ಟು ಮನುಷ್ಯನನ್ನೇ ಹಳಿಯುವುದು, ತಿರಸ್ಕಾರ, ತನ್ನದೇನೂ ತಪ್ಪಿಲ್ಲವೆಂಬ ಸಮರ್ಥನೆ, ಗೋಡೆಯಂತೆ ಮಾತು ಬಿಟ್ಟು ಕೂರುವುದು. ಈ ನಾಲ್ಕರಲ್ಲಿ ತಿರಸ್ಕಾರವೇ ಅತ್ಯಂತ ವಿಷಕಾರಿ. ನಾಲ್ಕು ಜನರೆದುರು "ಇವಳಿಗೇನು ಗೊತ್ತು" ಎಂದು ನಗುವುದೂ, "ಇವರ ಕೈಲಿ ಏನಾಗುತ್ತೆ" ಎಂದು ಮೂಗು ಮುರಿಯುವುದೂ ತಿರಸ್ಕಾರವೇ.

ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಆರಂಭಿಸಿದ ಒಂದು ದೀರ್ಘ ಅಧ್ಯಯನ ಒಂದೇ ಜನರ ಬದುಕನ್ನು ತಾರುಣ್ಯದಿಂದ ಮುಪ್ಪಿನವರೆಗೆ ಹಿಂಬಾಲಿಸಿದೆ. ಅದರಲ್ಲಿ ಎಂಬತ್ತರ ಆಸುಪಾಸಿನ ದಂಪತಿಗಳ ದಿನಚರಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಒಂದು ಬರಹದ ಸಾರ ಹೀಗಿದೆ. ದಾಂಪತ್ಯ ತೃಪ್ತಿಯಿದ್ದವರಿಗೆ ಮೈನೋವು ಹೆಚ್ಚಾದ ದಿನಗಳಲ್ಲಿಯೂ ಮನಸ್ಸು ಅಷ್ಟಾಗಿ ಕುಗ್ಗಲಿಲ್ಲ; ತೃಪ್ತಿಯಿಲ್ಲದವರಿಗೆ ದೇಹದ ನೋವಿನೊಡನೆ ಮನಸ್ಸಿನ ನೋವೂ ಕೂಡಿಕೊಂಡಿತು. ಮಂಡಿನೋವನ್ನು ಸಂಗಾತಿಯ ಮಾತು ವಾಸಿಮಾಡಲಾರದು. ಆದರೆ ಆ ನೋವು ಬದುಕನ್ನೇ ನುಂಗದಂತೆ ತಡೆಯಬಲ್ಲದು.

ಶ್ರಾವಕಾಚಾರದ ಬೆಳಕಿನಲ್ಲಿ

ಇದನ್ನೆಲ್ಲ ಕೇಳಿದಾಗ ಇದು ಪರದೇಶದ ಹೊಸ ವಿದ್ಯೆಯೆಂದು ತೋರಬಹುದು. ಶ್ರಾವಕಾಚಾರದಲ್ಲಿ ಇದರ ಬೀಜಗಳು ಹಿಂದಿನಿಂದಲೂ ಇವೆ. ಗೃಹಸ್ಥನ ಬ್ರಹ್ಮಚರ್ಯಾಣುವ್ರತಕ್ಕೆ ಆಚಾರ್ಯ ಸಮಂತಭದ್ರರು 'ಸ್ವದಾರಸಂತೋಷ' ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಪರಸ್ತ್ರೀಯನ್ನು ಬಿಟ್ಟರೆ ವ್ರತ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಆದರೆ ಹೆಸರಿನಲ್ಲಿರುವುದು ಸಂತೋಷವೆಂಬ ಮಾತು. ತನ್ನ ಹೆಂಡತಿಯಲ್ಲಿ ಸಂತೋಷ ಪಡುವವನು ಆ ವ್ರತಿ. ಮನೆಯಲ್ಲಿ ಆಕೆಯೊಡನೆ ನಾಲ್ಕು ಒಳ್ಳೆಯ ಮಾತನಾಡದವನು ಆ ಹೆಸರಿನ ಅರ್ಧವನ್ನಷ್ಟೇ ಪಾಲಿಸಿದಂತಾಯಿತು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ 'ರಹೋಭ್ಯಾಖ್ಯಾನ'ವೂ ಒಂದು. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲು ಮಾಡುವುದು ಎಂದು ಅದಕ್ಕೆ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಇದು ಅತಿ ಸೂಕ್ಷ್ಮವಾದ ವಿಚಾರ. ಏಕಾಂತದಲ್ಲಿ ಆಡಿದ ಮಾತು ಹೊರಗೆ ಹೋಗದೆಂಬ ಭರವಸೆಯಿದ್ದರೆ ಮಾತ್ರ ಯಾರಾದರೂ ಮನಸ್ಸು ಬಿಚ್ಚುತ್ತಾರೆ. ಗಂಡ ತನ್ನ ಭಯವನ್ನು ಹೇಳಿಕೊಂಡ ಮರುದಿನವೇ ಅದು ಮಗಳ ಕಿವಿಗೆ ಫೋನಿನಲ್ಲಿ ತಲಪಿದರೆ, ಹೆಂಡತಿ ಹೇಳಿಕೊಂಡ ಸಂಕಟ ಜಗಲಿಯಲ್ಲಿ ಗೆಳೆಯರ ನಗೆಗೆ ವಸ್ತುವಾದರೆ, ಎರಡನೆಯ ಸಲ ಆ ಬಾಯಿ ತೆರೆಯುವುದಿಲ್ಲ. ಸತ್ಯವ್ರತವೆಂದರೆ ಸುಳ್ಳಾಡದಿರುವುದು ಮಾತ್ರವಲ್ಲ. ನಂಬಿ ಹೇಳಿದುದನ್ನು ಕಾಪಾಡುವುದೂ ಅದರಲ್ಲಿ ಸೇರಿದೆ.

ಇನ್ನು ಅನೇಕಾಂತ. ಕುರುಡರೂ ಆನೆಯೂ ಎಂಬ ದೃಷ್ಟಾಂತವನ್ನು ಉಪನ್ಯಾಸಗಳಲ್ಲಿ ಕೇಳಿ ತಲೆದೂಗದವರಿಲ್ಲ. ಅದೇ ಸಂಜೆ ಮನೆಯಲ್ಲಿ "ದೊಡ್ಡವನ ಮದುವೆಯ ವರ್ಷವೇ ಬಾವಿ ತೋಡಿಸಿದ್ದು" ಎಂದು ಗಂಡ, "ಅಲ್ಲ, ಅದರ ಮುಂದಿನ ವರ್ಷ" ಎಂದು ಹೆಂಡತಿ ವಾದಕ್ಕಿಳಿದು, ರಾತ್ರಿ ಇಬ್ಬರೂ ಮುಖ ತಿರುಗಿಸಿ ಮಲಗುತ್ತಾರೆ. ಸ್ಯಾದ್ವಾದವನ್ನು ಸಭೆಯಲ್ಲಿ ಒಪ್ಪಿ ಅಡುಗೆಮನೆಯಲ್ಲಿ ಬಿಟ್ಟರೆ ಅದರ ಪ್ರಯೋಜನವೇನು? ಐವತ್ತು ವರ್ಷದ ಸಂಸಾರವನ್ನು ಇಬ್ಬರೂ ಬೇರೆ ಬೇರೆ ಕಡೆ ನಿಂತು ಕಂಡಿದ್ದಾರೆ. ಆತ ಹೊಲದಿಂದ ಕಂಡ. ಆಕೆ ಒಲೆಯ ಬಳಿಯಿಂದ ಕಂಡಳು. ಇಬ್ಬರ ನೆನಪೂ ಸೇರಿದಾಗಲೇ ಆ ಮನೆಯ ಚರಿತ್ರೆ ಪೂರ್ಣವಾಗುತ್ತದೆ.

ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯಲ್ಲಿ ಶ್ರಾವಕರು ನೆರೆಯವರನ್ನೂ ನೆಂಟರನ್ನೂ ಕ್ಷಮೆ ಬೇಡುತ್ತಾರೆ. ದೂರದವರಿಗೆ ಕಾಗದ ಬರೆಯುತ್ತಿದ್ದರು. ಈಗ ಮೊಬೈಲಿನಲ್ಲಿ ಒಂದೇ ಸಂದೇಶ ನೂರು ಜನರಿಗೆ ಹೋಗುತ್ತದೆ. ಆದರೆ ವರ್ಷವಿಡೀ ಅತಿ ಹೆಚ್ಚು ನೋಯಿಸಿರುವುದು ಯಾರನ್ನು? ಒಂದೇ ಸೂರಿನಡಿ ಇರುವವರನ್ನು. ಅವರ ಮುಂದೆ ಕೈಮುಗಿಯಲು ಮಾತ್ರ ಸಂಕೋಚ ಅಡ್ಡಬರುತ್ತದೆ. "ನಿನ್ನನ್ನು ಬಹಳ ನೋಯಿಸಿದ್ದೇನೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ" ಎಂಬ ಒಂದು ಮಾತಿಗಾಗಿ ಮೂವತ್ತು ವರ್ಷ ಕಾದ ತಾಯಂದಿರಿದ್ದಾರೆ. ಆ ಮಾತನ್ನು ಕ್ಷಮಾವಣಿಯ ದಿನ ಮೊದಲು ಮನೆಯೊಳಗೆ ಆಡಿ, ಅನಂತರ ಹೊರಗೆ ಹೋಗಬೇಕು.

ಈ ಸೀಮೆಯ ದಂಪತಿಗಳು

ಹಳೇಬೀಡು ಜಾವಗಲ್ಲಿಗೆ ಹತ್ತಿರದ ನೆರೆ. ಅಲ್ಲಿಂದ ಆಳಿದ ಹೊಯ್ಸಳರ ಕಾಲದ ಶಾಸನಗಳಲ್ಲಿ ದಾಂಪತ್ಯದ ಕೆಲವು ಚಿತ್ರಗಳು ಉಳಿದಿವೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ನಂಬಿಕೆಗಳು ಬಾಳಿದವು. ಆ ಮನೆಯಲ್ಲಿ ಬೆಳೆದ ಮಗಳು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು.

ಇನ್ನೂ ಹೃದಯಸ್ಪರ್ಶಿಯಾದುದು ಆಚಲದೇವಿಯ ಕಥೆ. ಆಕೆಯ ಪತಿ ಚಂದ್ರಮೌಳಿ ಎರಡನೆಯ ವೀರಬಲ್ಲಾಳನ ಮಂತ್ರಿ, ಶಿವಭಕ್ತನಾದ ಬ್ರಾಹ್ಮಣ. ಆಚಲದೇವಿ 1181ರಲ್ಲಿ ಶ್ರವಣಬೆಳಗೊಳದಲ್ಲಿ ಪಾರ್ಶ್ವನಾಥಸ್ವಾಮಿಯ ಬಸದಿಯನ್ನು ಕಟ್ಟಿಸಿದಳು. ಅದನ್ನೇ ಜನ ಅಕ್ಕನ ಬಸದಿಯೆಂದು ಕರೆಯುತ್ತಾರೆ. ಆ ಬಸದಿಯ ಪೂಜೆ ಪುನಸ್ಕಾರಗಳಿಗೆ ಬಮ್ಮೆಯನಹಳ್ಳಿಯನ್ನು ದತ್ತಿಯಾಗಿ ಕೊಡಬೇಕೆಂದು ದೊರೆಯನ್ನು ಬೇಡಿದವನು ಚಂದ್ರಮೌಳಿಯೇ. ಬಲ್ಲಾಳ ಅದನ್ನು ಕೊಟ್ಟನು. ಗಂಡ ತನ್ನ ಇಷ್ಟದೈವವನ್ನು ಬಿಡಲಿಲ್ಲ. ಹೆಂಡತಿ ತನ್ನ ಧರ್ಮವನ್ನು ಬಿಡಲಿಲ್ಲ. ಆದರೂ ಆಕೆಯ ಮನಸ್ಸಿನ ಆಸೆ ಏನೆಂಬುದು ಆತನಿಗೆ ತಿಳಿದಿತ್ತು. ತಿಳಿದಿತ್ತೆಂದ ಮೇಲೆ ಆಕೆ ಹೇಳಿರಬೇಕು, ಆತ ಕೇಳಿರಬೇಕು. ಎಲ್ಲದರಲ್ಲಿಯೂ ಒಂದೇ ಅಭಿಪ್ರಾಯವಿರುವುದು ದಾಂಪತ್ಯ ತೃಪ್ತಿಗೆ ಅವಶ್ಯವಲ್ಲ. ಇನ್ನೊಬ್ಬರ ಅಭಿಪ್ರಾಯವನ್ನು ಅರಿತು ಗೌರವಿಸುವುದು ಅವಶ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸೇನಾಪತಿ ಗಂಗರಾಜನ ಮಡದಿ ಲಕ್ಷ್ಮಿ ಅಥವಾ ಲಕ್ಕಲೆ ಶ್ರವಣಬೆಳಗೊಳದಲ್ಲಿ ಎರಡುಕಟ್ಟೆ ಬಸದಿಯನ್ನು ಮಾಡಿಸಿದವಳು. ಆಕೆ ಸಂನ್ಯಸನ ವಿಧಿಯಿಂದ ದೇಹವಿಟ್ಟಾಗ ಯುದ್ಧಗಳನ್ನು ಗೆದ್ದ ಆ ದಂಡನಾಯಕ ಆಕೆಯ ಗುಣಗಳನ್ನು ಹೊಗಳುವ ಶಾಸನವನ್ನು ನಿಲ್ಲಿಸಿದನು. ಕಲ್ಲಿನ ಮೇಲೆ ಬರೆಸಿದ ಆ ಹೊಗಳಿಕೆ ಇಂದಿಗೂ ಉಳಿದಿದೆ. ಆದರೆ ಇಂದಿನ ದಂಪತಿಗಳು ಆ ಮಟ್ಟಕ್ಕೆ ಹೋಗಬೇಕಾಗಿಲ್ಲ. ಕಲ್ಲಿನಲ್ಲಿ ಬರೆಸಬೇಕಾದ ಒಳ್ಳೆಯ ಮಾತುಗಳನ್ನು ಕಿವಿ ಕೇಳಿಸುತ್ತಿರುವಾಗಲೇ ಆಡಿಬಿಟ್ಟರೆ ಸಾಕು.

ಮಾಡಬಹುದಾದ ಕೆಲಸಗಳು

ದೊಡ್ಡ ಉಪದೇಶಕ್ಕಿಂತ ಸಣ್ಣ ಆಚರಣೆ ಮೇಲು. ಜೈನ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುತ್ತದೆ. ಊಟಕ್ಕೂ ನಿದ್ರೆಗೂ ನಡುವೆ ಬೇರೆಯವರಿಗೆ ಸಿಗದಷ್ಟು ದೀರ್ಘವಾದ ಸಂಜೆ ಸಿಗುತ್ತದೆ. ಹಿಂದೆ ಆ ಹೊತ್ತು ಸ್ವಾಧ್ಯಾಯಕ್ಕೂ ಜಗಲಿಯ ಮಾತಿಗೂ ಮೀಸಲಾಗಿತ್ತು. ಈಗ ಅದು ಟಿ.ವಿ.ಯ ಧಾರಾವಾಹಿಗೂ ಮೊಬೈಲಿಗೂ ಹೋಗಿದೆ. ಆ ಸಂಜೆಯಲ್ಲಿ ಅರ್ಧ ಗಂಟೆಯನ್ನು ದಂಪತಿಗಳು ಮರಳಿ ಪಡೆಯಬೇಕು. ಟಿ.ವಿ. ಆರಿಸಿ, ಮುಖ ಕಾಣುವಂತೆ ಎದುರಿಗೆ ಕುಳಿತು, ಒಬ್ಬರು ಹೇಳುವುದು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕದೆ ಕೇಳಬೇಕು. ಪರಿಹಾರ ಹೇಳಲು ಅವಸರ ಬೇಡ. ಬಹಳ ಸಲ ಹೇಳುವವರಿಗೆ ಬೇಕಾದುದು ಪರಿಹಾರವಲ್ಲ, ಕೇಳುವ ಕಿವಿ.

ಹಣಕಾಸಿನ ವಿಚಾರವನ್ನು ಹೆಂಡತಿಗೆ ಹೇಳದೆ ಬಚ್ಚಿಡುವ ರೂಢಿ ಇನ್ನೂ ಉಳಿದಿದೆ. ಯಾವ ಬ್ಯಾಂಕಿನಲ್ಲಿ ಖಾತೆಯಿದೆ, ಠೇವಣಿ ಎಷ್ಟು, ಪಹಣಿ ಯಾರ ಹೆಸರಿನಲ್ಲಿದೆ, ಯಾರಿಗೆ ಸಾಲ ಕೊಟ್ಟಿದೆ ಎಂಬುದು ಗಂಡ ಕಣ್ಣುಮುಚ್ಚಿದ ಮೇಲೆಯೇ ಆಕೆಗೆ ತಿಳಿಯುವುದು, ಅದೂ ಇತರರ ಬಾಯಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಆತನ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇರುವಂತೆ ವಿಧವೆಗೂ ಪಾಲುಂಟು. ಇದು ಎಷ್ಟು ತಾಯಂದಿರಿಗೆ ತಿಳಿದಿದೆ? ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂದಿದೆ. ಈ ಮಾತುಗಳನ್ನು ಅಪಶಕುನವೆಂದು ತಳ್ಳಬಾರದು. ಕಾಗದಪತ್ರಗಳ ಪೆಟ್ಟಿಗೆಯನ್ನು ಇಬ್ಬರೂ ಕೂಡಿ ಒಂದು ದಿನ ತೆರೆದು ನೋಡುವುದು ದಾಂಪತ್ಯದ ದೊಡ್ಡ ನಂಬಿಕೆಯ ಕೆಲಸ.

ಮಕ್ಕಳಿಗೂ ಇಲ್ಲಿ ಕರ್ತವ್ಯವಿದೆ. ಮುಪ್ಪಿನ ತಂದೆತಾಯಿಗಳನ್ನು ಹಂಚಿಕೊಳ್ಳುವ ಒಂದು ಪದ್ಧತಿ ಬೆಳೆಯುತ್ತಿದೆ. ಮೊಮ್ಮಗುವನ್ನು ನೋಡಿಕೊಳ್ಳಲು ತಾಯಿ ಹಿರಿಯ ಮಗನ ಮನೆಗೆ. ತೋಟ ನೋಡಿಕೊಳ್ಳಲು ತಂದೆ ಊರಿನಲ್ಲಿ. ಅಥವಾ ಖರ್ಚು ಸಮನಾಗಲೆಂದು ಆತ ಒಬ್ಬ ಮಗನಲ್ಲಿ, ಆಕೆ ಇನ್ನೊಬ್ಬನಲ್ಲಿ. ಹಸುವನ್ನೂ ಕರುವನ್ನೂ ಬೇರ್ಪಡಿಸಲು ಹಿಂಜರಿಯುವ ಅಹಿಂಸಾವಾದಿಗಳು ಐವತ್ತು ವರ್ಷ ಕೂಡಿ ಬಾಳಿದವರನ್ನು ಬೇರ್ಪಡಿಸುವಾಗ ಒಂದು ಸಲವಾದರೂ ಯೋಚಿಸಬೇಡವೆ? "ಅಪ್ಪ, ನಿಮ್ಮ ಇಷ್ಟವೇನು? ಅಮ್ಮ, ನಿನ್ನ ಇಷ್ಟವೇನು?" ಎಂದು ಇಬ್ಬರನ್ನೂ ಕೂರಿಸಿ ಕೇಳದೆ ಇಂಥ ನಿರ್ಧಾರ ಕೈಗೊಳ್ಳಬಾರದು. ಫೋನ್ ಮಾಡಿದಾಗಲೂ ತಾಯಿಯೊಡನೆ ಮಾತ್ರ ಮಾತನಾಡಿ "ಅಪ್ಪನಿಗೆ ಹೇಳಿಬಿಡು" ಎನ್ನುವುದು ಬೇಡ. ತಂದೆಯ ಕೈಗೂ ಫೋನ್ ಹೋಗಲಿ.

ಒಂದು ಎಚ್ಚರಿಕೆಯ ಮಾತು. ಎಲ್ಲ ಮೌನವೂ ಕೆಟ್ಟದ್ದಲ್ಲ. ಜಗಲಿಯ ಮೇಲೆ ಇಬ್ಬರೂ ಸುಮ್ಮನೆ ಕುಳಿತು ಸಂಜೆಯನ್ನು ನೋಡುವುದು ತುಂಬಿದ ಮನಸ್ಸಿನ ಮೌನ. ಅದಕ್ಕೆ ಮಾತಿನ ಹಂಗಿಲ್ಲ. ಹಾಗೆಯೇ ಎಲ್ಲ ನೋವೂ ಮಾತಿನಿಂದ ತೀರುವಂಥದಲ್ಲ. ಹೊಡೆತ ಬಡಿತ, ನಿತ್ಯದ ಅವಮಾನಗಳನ್ನು ಸಹಿಸುತ್ತಿರುವ ತಾಯಿಗೆ "ಹೊಂದಿಕೊಂಡು ಹೋಗು" ಎಂದು ಹೇಳುವುದು ಧರ್ಮವಲ್ಲ. ಅಹಿಂಸೆಯ ಮೊದಲ ಕ್ಷೇತ್ರ ಮನೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ವಯಸ್ಸಿನ ಭೇದ ಮಾಡುವುದಿಲ್ಲ. ಸಮಾಜದ ಹಿರಿಯರು ಅಂಥ ಮನೆಯ ಬಾಗಿಲು ತಟ್ಟಲು ಹಿಂಜರಿಯಬಾರದು.

ಜೊತೆಯಾಗಿ ಮಾಡಿದುದು ಉಳಿಯುತ್ತದೆ

ಆದಿಪುರಾಣದ ವಜ್ರಜಂಘ ಶ್ರೀಮತಿಯರ ಕಥೆ ಎಲ್ಲರಿಗೂ ತಿಳಿದುದೇ. ಅಷ್ಟು ಅನ್ಯೋನ್ಯವಾಗಿದ್ದ ಆ ದಂಪತಿಗಳು ಒಂದು ರಾತ್ರಿ ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ ಉಸಿರುಕಟ್ಟಿ ತೀರಿಕೊಂಡರು. ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆತಿದ್ದರು. ಹೊಗೆ ಸುಗಂಧದ್ದೇ; ಆದರೆ ಹೊರಗೆ ಹೋಗಲು ದಾರಿಯಿಲ್ಲದೆ ಹೋದಾಗ ಪ್ರಾಣವನ್ನೇ ತೆಗೆಯಿತು. ಪ್ರೀತಿಯಿರುವ ಮನೆಯಲ್ಲಿಯೂ ಕಿಟಕಿ ತೆರೆದಿರಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದಕ್ಕೆ ಮೊದಲು ಅವರಿಬ್ಬರೂ ಕೂಡಿ ಅರಣ್ಯದಲ್ಲಿ ಚಾರಣಮುನಿಗಳಿಗೆ ಆಹಾರದಾನ ಮಾಡಿದ್ದರು. ಜನ್ಮಗಳು ಕಳೆದವು. ವಜ್ರಜಂಘನ ಜೀವ ಆದಿನಾಥನಾಯಿತು. ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸನಾಯಿತು. ದೀಕ್ಷೆಯ ಬಳಿಕ ಆಹಾರ ಕೊಡುವ ವಿಧಿ ಯಾರಿಗೂ ತಿಳಿಯದೆ ಭಗವಂತ ನಿರಾಹಾರನಾಗಿ ಸಂಚರಿಸುತ್ತಿದ್ದಾಗ, ಆತನನ್ನು ಕಂಡೊಡನೆ ಶ್ರೇಯಾಂಸನಿಗೆ ಹಿಂದಿನ ಜನ್ಮದ ನೆನಪು ಮರುಕಳಿಸಿತು. ಅಂದು ಇಬ್ಬರೂ ಕೂಡಿ ಮಾಡಿದ ದಾನದ ಕ್ರಮ ನೆನಪಾಗಿ ಕಬ್ಬಿನ ಹಾಲನ್ನು ಅರ್ಪಿಸಿದನು. ಅದೇ ಅಕ್ಷಯ ತೃತೀಯೆ. ಪಂಚಕಲ್ಯಾಣದಲ್ಲಿ ಆ ಆಹಾರದಾನವನ್ನು ಎಲ್ಲರೂ ಭಕ್ತಿಯಿಂದ ನೋಡುತ್ತಾರೆ. ಅರಮನೆ, ಸಿರಿ, ಆಭರಣ ಯಾವುದೂ ಆ ಜೀವಕ್ಕೆ ನೆನಪಾಗಲಿಲ್ಲ. ನೆನಪಾದುದು ಜೊತೆಯಾಗಿ ಮಾಡಿದ ಒಂದು ಒಳ್ಳೆಯ ಕೆಲಸ.

ಹಿರಿಯ ದಂಪತಿಗಳಿಗೆ ಉಳಿದಿರುವ ವರ್ಷಗಳ ಲೆಕ್ಕ ಯಾರಿಗೂ ತಿಳಿಯದು. ಉತ್ಸವ ಮುಗಿದು ನೆಂಟರೂ ಮಕ್ಕಳೂ ಹೊರಟುಹೋಗುತ್ತಾರೆ. ಮನೆಯಲ್ಲಿ ಮತ್ತೆ ಇಬ್ಬರೇ ಉಳಿಯುತ್ತಾರೆ. ಆ ಸಂಜೆ, ಬೆಳಕಿರುವಾಗಲೇ ಊಟ ಮುಗಿಸಿ, ಒಬ್ಬರು ಇನ್ನೊಬ್ಬರನ್ನು "ಇವತ್ತು ನಿಮಗೆ ಮನಸ್ಸಿಗೆ ಹೇಗಿದೆ?" ಎಂದು ಕೇಳಲಿ, ಉತ್ತರವನ್ನು ಕೊನೆಯವರೆಗೆ ಆಲಿಸಲಿ. ಸಕಲ ಶ್ರಾವಕ ಶ್ರಾವಿಕೆಯರ ಗೃಹಗಳಲ್ಲಿ ಶಾಂತಿಯೂ ಸೌಖ್ಯವೂ ನೆಲೆಸಲಿ. ಸರ್ವರಿಗೂ ಮಂಗಲವಾಗಲಿ.